ಮನೆವೈದ್ಯ ಮಾಸ್ತರನ ಗುಳಿಗೆ

ಔಷಧದ ವಿಷಯದಲ್ಲಿ ನಾನು ಬಲ್ಲವನೆಂದು ಊರಿನಲ್ಲಿ ಒಬ್ಬರಿಗಾದರೂ ನಂಬಿಕೆಯಿತ್ತು. ಆ ಒಬ್ಬರು ನಾನೇ. ಸಿದ್ದಾಪುರದ ಕಡೆಯ ಹಳ್ಳಿಶಾಲೆಯಲ್ಲಿ ಆರೋಗ್ಯಪಾಠ ಹೇಳಿ ಹೇಳಿ ಅರ್ಧ ವೈದ್ಯನಾಗಿದ್ದೆ. ಉಳಿದರ್ಧ ಎಲ್ಲಿದೆಯೆಂದು ಯಾರೂ ಕೇಳಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ನನ್ನ ಹೆಂಡತಿ ಗೌರಿ ಐದನೆಯ ಬಾರಿ ಬಸುರಿ, ನಾಲ್ಕು ತಿಂಗಳು. ನಮ್ಮಲ್ಲಿ ಬಸುರಿಯ ಬಾಯಿಗೆ ಕಾವಲು ಬಹಳ. ಪಪ್ಪಾಯಿ ಕೂಡದು, ಅನಾನಸು ಕೂಡದು, ಎಳ್ಳು ಕೂಡದು. ನನ್ನ ಅಮ್ಮ ಹಪ್ಪಳದ ಚೂರನ್ನೂ ವಿಚಾರಿಸಿಯೇ ಒಳಗೆ ಬಿಡುತ್ತಿದ್ದಳು. ಆದರೆ ಗಂಡಸಿನ ಕೈಯಿಂದ ಬಂದ ಬಿಳಿ ಗುಳಿಗೆಗೆ ಮಾತ್ರ ಯಾರ ತಡೆಯೂ ಇರಲಿಲ್ಲ.

ಗೌರಿಗೆ ಜ್ವರ ಬಂತು. ಹಣೆ ಮುಟ್ಟಿ, ಮಲೇರಿಯಾದ ಚಳಿಜ್ವರವೆಂದು ತೀರ್ಪು ಕೊಟ್ಟೆ. ಹಿಂದಿನ ವರ್ಷ ನಾನು ತಿಂದು ಉಳಿದ ಕ್ವಿನೈನ್ ಗುಳಿಗೆ ಕಪಾಟಿನಲ್ಲಿತ್ತು. ಒಂದಕ್ಕೆ ಬಗ್ಗದ ಜ್ವರ ಎರಡಕ್ಕೆ ಬಗ್ಗೀತು ಎಂಬ ಗಣಿತದಿಂದ ಹೊತ್ತಿಗೆ ಎರಡೆರಡು ನುಂಗಿಸಿದೆ.

ಮರುದಿನ ಮಧ್ಯಾಹ್ನ ಅವಳು ಗೋಡೆಗೊರಗಿ ಕುಳಿತಿದ್ದಳು. "ಕಿವಿಲಿ ಜೀರುಂಡೆ ಕೂಗ್ದಂಗೆ ಆಗ್ತಾ ಇದ್ದು. ನಿಂಗ ಹೇಳದು ಎಂತದೂ ಕೇಳ್ತಿಲ್ಲೆ," ಎಂದಳು.

ಹೆಂಡತಿಗೆ ಗಂಡನ ಮಾತು ಕೇಳಿಸದಿರುವುದು ಹೊಸ ರೋಗವಲ್ಲವೆಂದು ನಗೆಯಾಡಿದೆ. ಸ್ವಲ್ಪ ಹೊತ್ತಿಗೆ ಅವಳು ಹೊಟ್ಟೆ ಹಿಡಿದುಕೊಂಡಳು. ಸೀರೆಯಲ್ಲಿ ರಕ್ತ ಕಂಡಿತು. ನನ್ನ ವೈದ್ಯಕೀಯವೂ ನಗೆಯೂ ಒಟ್ಟಿಗೇ ಇಳಿದುಹೋದವು.

ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ನರ್ಸಬಾಯಿ ಧಾರವಾಡದ ಕಡೆಯವರು. ನಾನು ಗುಳಿಗೆಯ ಕತೆ ಹೇಳಿದೆ.

"ಚಳಿಜ್ವರ ಅಂತ ನಿಮಗ ಯಾರ ಹೇಳಿದ್ರು, ಮಾಸ್ತರ? ರಕ್ತಾ ನೋಡಿಸಿದ್ರೇನು?"

"ಇಲ್ಲ. ಆದರೆ ಲಕ್ಷಣ ಹಾಗೇ ಇತ್ತು."

"ಬಸುರಿ ಹೆಂಗಸಿಗೆ ಖರೇನ ಚಳಿಜ್ವರ ಬಂದ್ರ ನಾವೂ ಔಷಧ ಕೊಡ್ತೀವಿ. ಅಳತಿ ಮೀರಿದ್ರ ಕಿವೀಗೂ ಬಸುರಿಗೂ ಕುತ್ತು ಅಂತ ರೋಗ ನೋಡಿ, ಅಳತಿ ನೋಡಿ ಕೊಡ್ತೀವಿ. ನೀವು ಕಪಾಟು ನೋಡಿ ಕೊಟ್ಟೀರಿ!"

ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಳಗೆ ಗೌರಿ ನರಳಿದಾಗಲೆಲ್ಲ ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಆರೋಗ್ಯಸೂತ್ರಗಳು ನೆನಪಾಗುತ್ತಿದ್ದವು. ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ರಕ್ತ ನೋಡಿದ ಡಾಕ್ಟರರು ಚಳಿಜ್ವರವೇ ಅಲ್ಲವೆಂದರು. ಎಂಟು ದಿನ ಅವಳನ್ನು ಮಲಗಿಸಿದರು. ಮಗು ಉಳಿಯಿತು. ತಿಂಗಳು ತುಂಬಿ ಹೆಣ್ಣು ಹುಟ್ಟಿತು.

ಬಾಣಂತಿಯನ್ನು ನೋಡಲು ಮನೆಗೆ ಬಂದ ನರ್ಸಬಾಯಿ ಮುಂದಿನ ಮಾತೆತ್ತಿದರು. ಹೆಂಗಸರಿಗೆ ಗರ್ಭಚೀಲದೊಳಗೆ ಇಡುವ ಲೂಪು ಇದೆ, ಗಂಡಸರಿಗೆ ರಬ್ಬರಿನ ಚೀಲವಿದೆ, ಇನ್ನು ಮಕ್ಕಳು ಬೇಡವೇ ಬೇಡವೆಂದರೆ ಗಂಡಸರ ಸಣ್ಣ ಆಪರೇಷನ್ ಇದೆ. ನಾನು ಅಧ್ಯಕ್ಷನ ಗಾಂಭೀರ್ಯದಿಂದ, "ಲೂಪೇ ಒಳ್ಳೆಯದು," ಎಂದೆ.

ಗೌರಿ ಮಗುವಿನಿಂದ ಕಣ್ಣು ತೆಗೆಯದೆ ಹೇಳಿದಳು: "ಆನು ಐದು ಹೆತ್ತಿದ್ದು ಸಾಕು. ನಿಂಗ ಒಂದಿನ ಆಸ್ಪತ್ರೆಲಿ ಮಲಗಿ ಬನ್ನಿ."

ಅಮ್ಮ ಗಾಬರಿಯಾದಳು. "ಮಗಾ, ನೀ ಹೋಗಡ. ಗಂಡಸಿನ ಶಕ್ತಿ ಹೋಗ್ತು ಹೇಳ್ತ. ಮರ ಹತ್ತಲೆ ಆಗ್ತಿಲ್ಲೆ ಅಡ."

"ಮಾಸ್ತರ ಯಾವ ಮರಾ ಹತ್ತತಾರ್ರೀ, ಅಮ್ಮಾ?" ಎಂದರು ನರ್ಸಬಾಯಿ.

ನಾನು ಯಾವ ಮರವನ್ನೂ ಹತ್ತಿದವನಲ್ಲ. ಆದರೂ ಇನ್ನು ಹತ್ತಲಾರೆನೆಂದಾಗ ಬೇಸರವಾಯಿತು. ಗಂಡಸುತನವೆಂಬುದು ಹೆಚ್ಚಾಗಿ ಇಂಥ, ಹತ್ತದ ಮರಗಳ ತೋಪು.

ತಿಂಗಳೆರಡು ತಿಂಗಳು ಶಾಲೆಯ ಪರೀಕ್ಷೆ, ಕೆಮ್ಮು, ಅಮಾವಾಸ್ಯೆ ಎಂದು ಮುಂದೂಡಿ, ಕೊನೆಗೆ ಹೋದೆ. ಹೆರಿಗೆಯ ಕೋಣೆಯಿಂದ ಕೂಗೊಂದು ಕೇಳುತ್ತಿತ್ತು; ನನಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮನೆಯಲ್ಲಿ ಮೂರು ದಿನ ನಾನು ನರಳಿದ್ದನ್ನು ಗೌರಿ ಎರಡು ಮಕ್ಕಳಿಗೆ ತಲೆ ಬಾಚುತ್ತಾ, ಒಂದಕ್ಕೆ ಹಾಲೂಡುತ್ತಾ ಸಹಿಸಿಕೊಂಡಳು. ಇನ್ನೂ ಮೂರು ತಿಂಗಳು ಎಚ್ಚರಿಕೆ ಬೇಕೆಂದು ಆಸ್ಪತ್ರೆಯವರು ಕೊಟ್ಟ ರಬ್ಬರಿನ ಚೀಲಗಳ ಪೊಟ್ಟಣವನ್ನು ಪಂಚಾಂಗದ ಹಿಂದೆ ಬಚ್ಚಿಟ್ಟೆ.

ಸುದ್ದಿ ಹಬ್ಬಿತು. ಎದುರಿಗೆ ನಕ್ಕವರು ಒಬ್ಬೊಬ್ಬರೇ ಗುಟ್ಟಾಗಿ ಬಂದರು. ವಜ್ರಳ್ಳಿಯಿಂದ ಬಂದ ನೆಂಟನೊಬ್ಬ ಎಲ್ಲ ವಿಚಾರಿಸಿ, ಸುಲಭದ ದಾರಿ ಹೆಂಡತಿಯದೇ ಎಂದು ಕಂಡು, "ನಮ್ಮನೆದಕ್ಕೇ ಲೂಪು ಹಾಕ್ಸಿಬಿಡ್ತೆ. ಅದೇ ಸಸಾರ," ಎಂದ.

"ಅವಳ ಹತ್ರ ಕೇಳಿದ್ಯ?" ಎಂದೆ.

ಅವನು ಕೇಳಿರಲಿಲ್ಲ; ವಾಪಸು ಬಸ್ಸಿನ ಹೊತ್ತು ವಿಚಾರಿಸಿದ. ವಜ್ರಳ್ಳಿಯಿಂದ ನಮ್ಮ ಮನೆಗೆ ಎರಡು ಬಸ್ಸು ಬದಲಿಸಿ ಬಂದಿದ್ದ, ಪಾಪ. ಜಗಲಿಯಿಂದ ಅಡುಗೆಮನೆಗೆ ಮಾತ್ರ ಯಾವ ಬಸ್ಸೂ ಇಲ್ಲ. ಅಷ್ಟು ದೂರ ಗಂಡಸು ನಡೆದೇ ಹೋಗಬೇಕು.