ಮೇಜರ್ ಉಜ್ವಲಾ ಮತ್ತು ಸಾವಳಗಿಯ ಹವಾಲ್ದಾರರು

ಬನಹಟ್ಟಿಯ ನೇಕಾರ ಗೂಳಪ್ಪನ ಮಗಳು ಉಜ್ವಲಾ ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಸೈನ್ಯಕ್ಕೆ ಆಯ್ಕೆಯಾದಳು. ಸುದ್ದಿ ಹೇಳಿದಾಗ ಮನೆಯಲ್ಲಿ ಪವರ್‌ಲೂಮುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ತಾಯಿ ಶೇವಂತಿಗೆ ಮೊದಲು ಕೇಳಿಸಲೇ ಇಲ್ಲ. ಕೇಳಿಸಿದ ಮೇಲೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು.

“ಹೆಣ್ಣಮಗಳು ಬಂದೂಕ ಹಿಡದು ಏನ್ ಮಾಡೂದೈತಿ?”

“ಬರೇ ಬಂದೂಕ ಅಲ್ಲ ಬೇ ಯವ್ವಾ. ರಸ್ತಾ, ಸೇತುವಿ ಕಟ್ಟೂ ಕೆಲಸ.”

ಗೂಳಪ್ಪ ಎದ್ದು ಮಗ್ಗಗಳನ್ನೆಲ್ಲ ಬಂದ್ ಮಾಡಿದ. ಮಗಳ ಮಾತನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಸಿ ಕೇಳಿದ.

“ಹೋಗಿ ಬಾ. ಮಂದಿ ಕೇಳಿದ್ರ ಉತ್ತರ ನಾ ಕೊಡ್ತೀನಿ,” ಎಂದ.

ಆ ಮಾತಿನ ಋಣ ಉಜ್ವಲಾಳ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಚೆನ್ನೈಯ ತರಬೇತಿ ಮುಗಿಸಿ, ಲೆಫ್ಟಿನೆಂಟ್ ಆಗಿ ಆಕೆ ಸೇರಿದ್ದು ಸಿಕ್ಕಿಂ ಗುಡ್ಡಗಳ ನಡುವಿನ ಎಂಜಿನಿಯರ್ ತುಕಡಿಗೆ. ಅಲ್ಲಿ ಸಿಕ್ಕವರು ಆಕೆಯ ಊರ ಕಡೆಯವರೇ ಆದ ಸಾವಳಗಿಯ ಹವಾಲ್ದಾರ ಭೀಮಶಿ. ಕುರಿ ಸಾಕುವ ಮನೆತನ. ಮನೆದೇವರು ಬೀರೇಶ್ವರನ ಭಂಡಾರದ, ಅಂದರೆ ಅರಿಸಿನಪುಡಿಯ, ಸಣ್ಣ ಗಂಟು ಸದಾ ಜೇಬಿನಲ್ಲಿ. ಮಂದಿಯ ಎದುರು ಸೆಲ್ಯೂಟ್ ಹೊಡೆದು ಹಿಂದಿಯಲ್ಲಿ ಮಾತು, ಇಬ್ಬರೇ ಇದ್ದಾಗ, “ಊರ ಕಡಿ ಮಳಿ ಆತಂತೇನ್ರಿ, ಮೇಡಮ್ಮಾರ?”

ಒಂದು ಮಳೆಗಾಲ ಹಳ್ಳ ಉಕ್ಕಿ, ಆಚೆಯ ಊರಿಗಿದ್ದ ಒಂದೇ ಸೇತುವೆ ಕೊಚ್ಚಿಹೋಯಿತು. ಉಜ್ವಲಾಳ ತುಕಡಿ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ, ಉರುಳೆಗಳ ಮೇಲಿಟ್ಟು, ಹೊಸ ಸೇತುವೆಯನ್ನು ಆಚೆ ದಡಕ್ಕೆ ತಳ್ಳತೊಡಗಿತು. ಅದು ಅರ್ಧ ಹಳ್ಳ ದಾಟಿದ್ದಾಗ, ದುರ್ಬೀನು ಹಿಡಿದಿದ್ದ ಆಕೆಗೆ ಆಚೆ ದಡದ ಮಣ್ಣಿನಲ್ಲಿ ಬಿರುಕು ಕಂಡಿತು. ಹಗ್ಗ ಕಟ್ಟಿ ಮೊದಲೇ ದಾಟಿ ಅಲ್ಲಿ ನಿಂತಿದ್ದ ಜವಾನರಿಗೆ ದೂರ ಸರಿಯಲು ಕೂಗಿ ಹೇಳಿ, ಸೇತುವೆಯನ್ನು ಹಿಂದಕ್ಕೆಳೆಯಲು ಆಜ್ಞೆ ಕೊಟ್ಟಳು. ಇಡೀ ದಿನದ ದುಡಿಮೆ ನೀರುಪಾಲು ಎಂದು ಎಲ್ಲರ ಮುಖ ಸಪ್ಪಗಾಯಿತು. ಭೀಮಶಿ ಎಲ್ಲರಿಗಿಂತ ಮೊದಲು ಹಗ್ಗಕ್ಕೆ ಕೈ ಹಾಕಿದರು, ಉಳಿದವರೂ ಬಂದರು. ಸ್ವಲ್ಪ ಹೊತ್ತಿಗೆಲ್ಲ ಆ ದಡ ಕುಸಿದು ಹಳ್ಳ ಸೇರಿತು.

ಮರುದಿನ ಆಕೆ ಗುರುತಿಸಿದ ಬೇರೆ ಜಾಗಕ್ಕೆ ಆಚೆಯ ಊರವರೇ ಕಲ್ಲು ಹೊತ್ತು ತಂದು ದಡ ಗಟ್ಟಿ ಮಾಡಿದರು. ಅಷ್ಟರಲ್ಲಿ ಈಚೆ ಗುಡ್ಡದಿಂದ ಬಂಡೆಯೊಂದು ಉರುಳಿತು. ಭೀಮಶಿ ಉಜ್ವಲಾಳನ್ನು ಬದಿಗೆ ನೂಕಿದರು. ಬಂಡೆ ಅವರ ಕಾಲನ್ನು ಜಜ್ಜಿ ಹಾಯ್ದುಹೋಯಿತು.

ಸ್ಟ್ರೆಚರ್ ಮೇಲೆ ಮಲಗಿಕೊಂಡೇ, “ನಾ ದವಾಖಾನಿಗೆ ಹೊಂಟೇನ್ರಿ. ನೀವ್ ಸೇತುವಿ ಬಿಡಬ್ಯಾಡ್ರಿ,” ಎಂದರು.

ಆಕೆ ಬಿಡಲಿಲ್ಲ. ಸೇತುವೆಯನ್ನು ಮೊದಲು ದಾಟಿದ್ದು ಅಕ್ಕಿಯ ಲಾರಿ; ಅದರ ಹಿಂದೆ ಊರಿಗೆ ಊರೇ.

ಭೀಮಶಿಯವರ ಕಾಲು ಉಳಿಯಿತು, ಕುಂಟೂ ಉಳಿಯಿತು. ನಿವೃತ್ತರಾಗಿ ಈಗ ಸಾವಳಗಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಮೇಜರ್ ಆದ ಉಜ್ವಲಾ ಹೋದ ಬೇಸಿಗೆಯ ರಜೆಯಲ್ಲಿ ಅಪ್ಪ-ಅವ್ವನನ್ನು ಕರೆದುಕೊಂಡು ಅವರ ಮನೆಗೆ ಹೋದಳು. ಶೇವಂತಿ ಹೊಸ್ತಿಲಲ್ಲೇ ಕೈಮುಗಿದು ಅತ್ತಳು.

“ನಿಮ್ಮಿಂದ ನನ್ನ ಮಗಳು ಉಳದಾಳ್ರಿ, ಅಣ್ಣಾರ.”

“ಅವತ್ತ ಅವರು ತಡೀಲಿಲ್ಲಂದ್ರ ನಮ್ಮ ಹುಡುಗ್ರು ದಂಡಿ ಜೋಡಿ ಹೋಗತಿದ್ರು, ಅಕ್ಕಾರ. ಯಾರ್ ಯಾರನ್ನ ಉಳಿಸ್ಯಾರ, ಬಿಡ್ರಿ,” ಎಂದು ಭೀಮಶಿ ನಕ್ಕರು.

ಅವರ ಹೆಂಡತಿ ಸುಂದರವ್ವ ಒಳಗಿನಿಂದ ಕೂಗಿದಳು: “ಅಳೂದು ಸಾಕ್ರಿ, ರೊಟ್ಟಿ ಆರಾಕತ್ತಾವು!”

ಗೂಳಪ್ಪ ಭೀಮಶಿಯವರ ಪಕ್ಕದಲ್ಲೇ ಊಟಕ್ಕೆ ಕುಳಿತ. ಸುಂದರವ್ವ ಮೊಸರು ಬಡಿಸಲು ಬಂದಳು. ಗೂಳಪ್ಪ ಎದ್ದು, ಪಾತ್ರೆ ಇಸಿದುಕೊಂಡು, ತಾನೇ ಅವರ ತಾಟಿಗೆ ಬಡಿಸಿದ.