ಪುಟ್ಟತಾಯಕ್ಕ ಕಂಡ ಕರೀ ಚಂದ್ರ

ಯಾರಾದರೂ ಇಂಥದ್ದೊಂದು ಹೇಳಲು ಬಂದರೆ, "ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಬಿಡಿ" ಎಂದು ಒಲೆ ಕಡೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಎಲ್ಲವನ್ನೂ ನಂಬುತ್ತೇನೆ ಅಂತಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಂಜನಗೂಡಿನ ನಮ್ಮ ಮನೆ ತಾರಸಿಯ ಮೇಲೆ ನಡೆದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿದಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ನಮ್ಮನೆಯವರ ಅಕ್ಕ ಪುಟ್ಟತಾಯಮ್ಮ ಇರುವುದು ಹತ್ತಿರದ ಹೆಡತಲೆ ಎಂಬ ಹಳ್ಳಿಯಲ್ಲಿ. ಹರೆಯದಲ್ಲೇ ಕಬ್ಬಿನ ಸೋಗೆ ಬಡಿದು ಅವರ ಎಡಗಣ್ಣು ಪೂರ್ತಿ ಹೋಗಿತ್ತು. ಆ ವರ್ಷ ಬಲಗಣ್ಣಿಗೂ ಪೊರೆ ಬಂದು, ಅಕ್ಕಿಯಲ್ಲಿ ಕಲ್ಲು ಕಾಣದ ಹಾಗಾಯಿತು. ಆಪರೇಷನ್ ಮಾಡಿಸೋಣವೆಂದು ಮನೆಗೆ ಕರೆತಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇರೋದು ಒಂದು ಕಣವ್ವ. ಅದೂ ಓದ್ರೆ ನನ್ ಕೈ ಇಡ್ಕಂಡು ಓಡಾಡ್ತೀಯಾ ನೀನು?" ಎನ್ನುವರು. ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ನಮ್ಮನೆಯವರು ಟಿ. ನರಸೀಪುರದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಕಾರ್ತೀಕದ ಒಂದು ಶನಿವಾರ ಸ್ಕೂಲಿನ ಟೆಲಿಸ್ಕೋಪನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದರು. ಕತ್ತಲಾಗುತ್ತಲೇ ತಾರಸಿಯಲ್ಲಿ ನಿಲ್ಲಿಸಿ ಶನಿಗ್ರಹವನ್ನು ಹಿಡಿದರು. ನಾನು ನೋಡಿದೆ. ಬಳೆ ತೊಟ್ಟ ಸಣ್ಣ ಮುತ್ತಿನ ಹಾಗಿತ್ತು. ಪಕ್ಕದಲ್ಲೊಂದು ಬಿಳಿ ಚುಕ್ಕೆ. ಅದು ಶನಿಯ ದೊಡ್ಡ ಚಂದ್ರ ಅಂದರು.

ಅಕ್ಕನನ್ನು ಕರೆದರೆ, "ಎಲ್ರೂ ಶನಿ ಬುಟ್ಟೋಗ್ಲಿ ಅಂತ ಎಳ್ಳೆಣ್ಣೆ ದೀಪ ಅಚ್ತಾರೆ, ನೀನು ಮನೆಗೇ ಕರ್ಕಬಂದಿದ್ದೀಯಲ್ಲೋ!" ಎಂದು ನಗುತ್ತಲೇ ಬಗ್ಗಿದರು. ಬಹಳ ಹೊತ್ತು ಹಾಗೇ ಇದ್ದರು.

"ಬಳೆ ಕಾಣ್ತದೆ. ಅದ್ರಿಂದ ದೂರದಲ್ಲಿ ಒಂದು ಕರೀ ಉಂಡೆ ಅದೆ ಕಣ್ಲಾ. ದುಂಡಗಿಲ್ಲ, ಮೈಯೆಲ್ಲ ಗುಳಿ ಬಿದ್ದದೆ. ಮಿಕ್ಕವೆಲ್ಲ ಅತ್ಲಾಗೆ ಓದ್ರೆ ಇದೊಂದು ಎದುರಿಗೆ ಬತ್ತಾ ಅದೆ."

"ಅದು ಬಿಳೀ ಚುಕ್ಕೆ ಕಣಕ್ಕ. ಪೊರೆಗಣ್ಣಿಗೆ ಕರ್ರಗೆ ಕಂಡಿರ್ತದೆ" ಎಂದು ನಮ್ಮನೆಯವರು ನಕ್ಕರು. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಅಕ್ಕನ ಕೈ ನೋಡಿದೆ. ಅಂಗೈಯಿಂದ ಮುಚ್ಚಿಕೊಂಡಿದ್ದದ್ದು ಬಲಗಣ್ಣು. ಟೆಲಿಸ್ಕೋಪಿಗೆ ಒತ್ತಿ ಹಿಡಿದಿದ್ದದ್ದು ಸೋಗೆ ಬಡಿದ ಎಡಗಣ್ಣು.

"ಅಕ್ಕಾ, ಯಾವ ಕಣ್ಣು ಮುಚ್ಕೊಂಡಿದ್ದೀರಿ?" ಅಂದೆ. ಕೈ ತೆಗೆದರು. ಮತ್ತೆ ಬಲಗಣ್ಣನ್ನೇ ಮುಚ್ಚಿ ನೋಡಿದರು. ಆಗ ಎಡಗಣ್ಣಿಗೆ ಏನೂ ಕಾಣಲಿಲ್ಲವಂತೆ, ಬಳೆಯೂ ಇಲ್ಲ. ಭಯ ಅಂತೇನೂ ಆಗಲಿಲ್ಲ. ಕೆಳಗೆ ಕುಕ್ಕರ್ ಕೂಗಿತು, ಇಳಿದು ಹೋದೆವು.

ಊಟವಾದ ಮೇಲೆ ನಮ್ಮನೆಯವರು ಮೊಬೈಲಿನಲ್ಲಿ ಹುಡುಕಿದರು. ಶನಿಯಿಂದ ಬಲು ದೂರದಲ್ಲಿ ಫೀಬಿ ಎಂಬ ಪುಟ್ಟ ಚಂದ್ರ ಇದೆಯಂತೆ. ಇದ್ದಿಲಿನ ಬಣ್ಣ, ಒರಟು ಆಕಾರ, ಮೈತುಂಬ ಕುಳಿ. ಎಲ್ಲಿಂದಲೋ ಬಂದು ಶನಿಯ ಸೆಳೆತಕ್ಕೆ ಸಿಕ್ಕಿಬಿದ್ದು, ದೊಡ್ಡ ಚಂದ್ರರೆಲ್ಲ ಸುತ್ತುವುದಕ್ಕೆ ಎದುರು ದಿಕ್ಕಿನಲ್ಲಿ ಸುತ್ತುತ್ತದಂತೆ. "ನಮ್ಮ ಟೆಲಿಸ್ಕೋಪಲ್ಲಿ ಎಂಥ ಕಣ್ಣಿಗೂ ಇದು ಕಾಣಲ್ಲ. ಕಂಡ್ರೂ ಯಾವ ಕಡೆ ಹೋಗ್ತಿದೆ ಅಂತ ನಿಂತ ನಿಲುವಲ್ಲಿ ತಿಳಿಯಲ್ಲ" ಅಂದರು. ಅಕ್ಕನಿಗೆ ಓದು ಬರಹವಿಲ್ಲ. ಯಾರಾದರೂ ಹೇಳಿದ್ದರೇ ಎಂದರೆ, "ನಂಗ್ಯಾರಪ್ಪ ಇದ್ನೆಲ್ಲ ಏಳ್ತಾರೆ?" ಎಂದು ಮಲಗಿಬಿಟ್ಟರು.

ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು. "ಆಸ್ಪತ್ರೆಗೆ ಓಗದ ನಡಿ. ಕುರುಡುಗಣ್ಣಿಗೂ ಏನೋ ಕಾಣ್ತದೆ ಅಂದ್ಮೇಲೆ ಕತ್ಲೆಗೆ ಅಷ್ಟೊಂದು ಯಾಕೆ ಎದರ್ಕೋಬೇಕು?"

ಡಾಕ್ಟರು ಎಡಗಣ್ಣಿಗೂ ಬೆಳಕು ಬಿಟ್ಟು ನೋಡಿ, ಇದಕ್ಕೆ ಬೆಳಕಿನ ಸುಳಿವೂ ಇಲ್ಲ ಅಂದರು. ತಾರಸಿಯ ಸಂಗತಿಯನ್ನು ಅವರಿಗೆ ಏನಂತ ಹೇಳುವುದು? ಬಲಗಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ತಿಂಗಳು ಕಳೆದ ಮೇಲೆ ನಮ್ಮನೆಯವರು ಪುನಃ ಟೆಲಿಸ್ಕೋಪು ತಂದರು. ಅಕ್ಕ ಬಲಗಣ್ಣಲ್ಲಿ ನೋಡಿದರು. ಬಳೆ, ಬಿಳಿ ಚುಕ್ಕೆ, ಅಷ್ಟೇ. ಕರೀ ಉಂಡೆ ಎಲ್ಲೂ ಇಲ್ಲ.

"ಎಡಗಣ್ಣಲ್ಲೂ ಒಂದ್ಸಲ ನೋಡಿ" ಅಂದೆ. ಅವರು ಸೆರಗು ಹೊದ್ದುಕೊಂಡು ಮೆಟ್ಟಿಲ ಕಡೆ ಹೊರಟರು.

"ಬ್ಯಾಡ ಕಣವ್ವ. ಕಾಣ್ದಿದ್ರೆ ಓಗ್ಲಿ ಬುಡು. ಕಂಡ್ಬುಟ್ರೆ ಏನ್ ಮಾಡ್ಲಿ?"