ಬರಿ ಬಟ್ಟಲು ಕೊಡಬಾರದು

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೆ ನಮ್ಮ ಯಜಮಾನರು ಹೇಳಿಯೇ ಹೇಳುತ್ತಾರೆ. ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ಬಂದರೆ ನಾನು ಅದನ್ನು ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತೇನೆ. ಬೆಲೆ ಅದೇ, ಬಣ್ಣ ಅದೇ, ಮೇಲಿನ ಚಿತ್ರವೂ ಅದೇ. ಒಳಗೆ ಮಾತ್ರ ಬಿಸ್ಕತ್ತಿಗಿಂತ ಗಾಳಿ ಹೆಚ್ಚು. ಒಂದು ಲೀಟರು ಎಂದು ನಾವು ರೂಢಿಯಲ್ಲಿ ಕರೆಯುವ ಎಣ್ಣೆಯ ಪ್ಯಾಕೆಟ್ಟಿನ ಮೂಲೆಯಲ್ಲಿ ಇರುವೆ ಮಾತ್ರ ಓದಬಲ್ಲ ಅಕ್ಷರದಲ್ಲಿ ಬೇರೆ ಏನೋ ಬರೆದಿರುತ್ತದೆ. ಇನ್ನು ಸೋಪಿನ ಕತೆ. ಮೊದಲು ಇಟ್ಟಿಗೆಯ ಹಾಗಿದ್ದ ಸೋಪಿಗೆ ಈಗ ಸೊಂಟ ಬಂದಿದೆ. ನೋಡಲು ಅಂದವೇ. ಆದರೆ ಸೊಂಟ ಎಂದರೆ ಎರಡೂ ಪಕ್ಕದಿಂದ ಕತ್ತರಿಸಿ ತೆಗೆದ ಜಾಗ. ಬ್ಲೌಸ್ ಹೊಲಿದು ಬದುಕುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೌದು, ನಾನು ಹಳೇಬೀಡಿನಲ್ಲಿ ಬ್ಲೌಸ್ ಹೊಲಿಯುವ ಜಯಮ್ಮ. ಬಸ್ತಿಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ, ರಸ್ತೆಯ ಕಡೆಗಿನ ಕಿಟಕಿಯ ಪಕ್ಕದಲ್ಲಿ ನನ್ನ ಮಿಷಿನ್ನು. ಒಂದು ಕಿಟಕಿ, ಒಂದು ಟೇಪು, ಅಳತೆ ಕೊಡುತ್ತಾ ಮಾತಾಡುವ ಗಿರಾಕಿಗಳು. ಅನುಮಾನ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಎಲ್ಲಿದೆ?

ಈಚೆಗೆ ನನ್ನ ಅನುಮಾನಕ್ಕೆ ಬಿದ್ದಿರುವುದು ಊರಿನ ಆರೋಗ್ಯ. ಇದ್ದಕ್ಕಿದ್ದ ಹಾಗೆ ಊರಿಗೆಲ್ಲ ಪಥ್ಯ ಬಂದಿದೆ. ಒಬ್ಬರಿಗೆ ಡಾಕ್ಟರು ಎಣ್ಣೆ ಬೇಡ ಅಂದಿದ್ದಾರಂತೆ. ಇನ್ನೊಬ್ಬರಿಗೆ ತೊಗರಿಬೇಳೆಯಿಂದ ಗ್ಯಾಸ್ ಆಗುತ್ತದಂತೆ. ಮತ್ತೊಬ್ಬರು ಸಕ್ಕರೆ ಬಿಟ್ಟು, ಅದರ ಜೊತೆಗೆ ಹಾಲನ್ನೂ ಬಿಟ್ಟು, ಕರೀ ಡಿಕಾಕ್ಷನ್ನನ್ನು ಅಮೃತ ಎಂದು ಹೊಗಳುತ್ತಿದ್ದಾರೆ. ಯಾವ ಡಾಕ್ಟರೂ ಈ ಊರಿನಲ್ಲಿ ಅಗ್ಗದ ಪದಾರ್ಥವನ್ನು ಬಿಡಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ದಿನಸಿಯ ಬೆಲೆ ಏರಿದೆ, ಕೊಳ್ಳುವುದಕ್ಕೆ ಆಗುತ್ತಿಲ್ಲ ಎಂದು ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಯಿಲೆ ಹೇಳಿಕೊಳ್ಳಲು ನಾಚಿಕೆಯಿಲ್ಲ, ಖಾಲಿ ಡಬ್ಬ ಹೇಳಿಕೊಳ್ಳಲು ನಾಚಿಕೆ.

ನಾನೇನು ಸಾಚಾ ಅಲ್ಲ. ಜಾವಗಲ್ಲಿನಲ್ಲಿರುವ ನಮ್ಮಣ್ಣ ಮೊದಲೆಲ್ಲ ಈ ಕಡೆ ಬರುವ ಬಸ್ಸಿಗೆ ತೆಂಗಿನಕಾಯಿ ಮೂಟೆ ಹಾಕಿ ಕಳಿಸುತ್ತಿದ್ದ. ಈಗ ಕಾಯಿಗೆ ಬಂದಿರುವ ಬೆಲೆ ನೋಡಿ ಒಂದೂ ಬಿಡದೆ ಅರಸೀಕೆರೆ ಮಂಡಿಗೆ ಹಾಕುತ್ತಾನೆ, ನನಗೆ ಫೋನಿನಲ್ಲಿ ಹಬ್ಬದ ಶುಭಾಶಯ ಕಳಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ, ಅವನೂ ಅಕ್ಕಿ ಕೊಳ್ಳಬೇಕು. ತೆಂಗಿನ ಸೀಮೆಯಲ್ಲಿ ಹುಟ್ಟಿದ ನಾನು ಈಗ ಸಾರಿಗೆ ಕಾಯಿ ಹಾಕುತ್ತಿಲ್ಲ. ಕೇಳಿದವರಿಗೆ, ಯಜಮಾನರ ಹೃದಯಕ್ಕೆ ಒಳ್ಳೆಯದಲ್ಲ ಎನ್ನುತ್ತೇನೆ. ಅವರ ಹೃದಯ ಗಟ್ಟಿಯಾಗಿಯೇ ಇದೆ. ಕಾಯಿಯಿಲ್ಲದ ಸಾರನ್ನು ಮಾತಾಡದೆ ಉಣ್ಣುತ್ತಾರಲ್ಲ.

ಪಥ್ಯದ ಮಾತನ್ನು ನಾನು ನಂಬದಿರುವುದಕ್ಕೆ ಟೇಪು ಒಂದು ಕಾರಣ. ಎಣ್ಣೆ ಬಿಟ್ಟೆ, ಸಕ್ಕರೆ ಬಿಟ್ಟೆ ಎನ್ನುವವರ ಅಳತೆ ಒಂದು ದಾರದಷ್ಟೂ ಇಳಿದಿರುವುದಿಲ್ಲ. ಇಳಿದಿರುವವರು ಏನೂ ಹೇಳುವುದಿಲ್ಲ. ಇದು ನನಗೆ ತಡವಾಗಿ ಹೊಳೆಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಹೊಲಿಗೆಯ ಸಾಮಾನಿಗೆಂದು ಬೇಲೂರಿಗೆ ಹೋದಾಗ ಬಸ್ಸಿಗೆ ಹೊತ್ತಿದ್ದರೆ ದೇವಸ್ಥಾನಕ್ಕೆ ಹೋಗಿ ಶಿಲಾಬಾಲಿಕೆಯರನ್ನು ನೋಡುತ್ತಾ ನಿಲ್ಲುವುದು ನನ್ನ ಚಟ. ಬಂದವರೆಲ್ಲ ಕಲೆ ನೋಡುತ್ತಾರೆ, ನಾನು ಸೊಂಟದ ಅಳತೆ ನೋಡುತ್ತೇನೆ. ಒಬ್ಬಳ ಕೈಯಲ್ಲಿ ಕನ್ನಡಿ, ಒಬ್ಬಳ ಕೈಯಲ್ಲಿ ಗಿಳಿ, ಇನ್ನೊಬ್ಬಳಿಗೆ ವಾದ್ಯ. ನಾನು ನೋಡಿದಷ್ಟರಲ್ಲಿ ಒಬ್ಬಳ ಕೈಯಲ್ಲೂ ಸೌಟಿಲ್ಲ. ಹಾಗಾದರೆ ಇದನ್ನೆಲ್ಲ ಕೆತ್ತಿದವರಿಗೆ ಮುದ್ದೆ ಬೇಯಿಸಿದವರು ಯಾರು? ಗೈಡುಗಳು ರಾಜನ ಹೆಸರು, ರಾಣಿಯ ಹೆಸರು, ಶಿಲ್ಪಿಯ ಹೆಸರು ಹೇಳುತ್ತಾರೆ, ಅಡುಗೆಯವಳ ಹೆಸರು ಹೇಳುವುದಿಲ್ಲ. ಆದರೆ ಆ ಶಿಲ್ಪಿಗಳು ಹೊಟ್ಟೆ ತುಂಬ ಉಂಡಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕಲ್ಲಿನ ಬಳೆಯನ್ನು ಅಷ್ಟು ನಯವಾಗಿ ಬಿಡಿಸಬೇಕಾದರೆ ಕೈ ನಡುಗಬಾರದು. ಶನಿವಾರ ಒಪ್ಪೊತ್ತು ಮಾಡಿದ ದಿನ ಸಂಜೆ ಸೂಜಿಗೆ ದಾರ ಪೋಣಿಸಲು ನಾನು ಪಡುವ ಪಾಡು ನನಗೆ ಗೊತ್ತು.

ಈಗ ಬಟ್ಟಲಿನ ವಿಷಯ. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಪದ್ಮಕ್ಕನವರ ಮನೆ. ಬಸದಿಯ ಹತ್ತಿರದ ಹಳೆಯ ಜೈನ ಮನೆತನ. ಹಿಂದೆ ಜಮೀನಿತ್ತಂತೆ, ಈಗ ಅವರ ಯಜಮಾನರು ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕೊಬ್ಬರಿಯ ರೇಟು ಮರ ಹತ್ತಿ ಕೂತಿದೆ, ಅದನ್ನು ಬರೆದಿಡುವವರ ಸಂಬಳ ಬುಡದಲ್ಲೇ ಇದೆ. ಓದುವ ಇಬ್ಬರು ಹೆಣ್ಣುಮಕ್ಕಳು. ಅವರದು ಹೊತ್ತು ಮುಳುಗುವುದರೊಳಗೆ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನಾನು ಸಾರು ಮಾಡಿದರೆ ಬೆಳ್ಳುಳ್ಳಿ ಒಗ್ಗರಣೆ ಹಾಕುವ ಮುಂಚೆ ಒಂದು ಬಟ್ಟಲು ಎತ್ತಿಟ್ಟು, ಬೆಳಕಿರುವಾಗಲೇ ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದೆ. ಬಹಳ ವರ್ಷದ ಪದ್ಧತಿ. ಬಟ್ಟಲು ನನ್ನದು, ತವರಿನಿಂದ ಬಂದದ್ದು, ಅಂಚಿನಲ್ಲಿ ನನ್ನ ಹೆಸರು ಕೊರೆಸಿದೆ.

ಬಂದ ಬಟ್ಟಲನ್ನು ಬರಿದಾಗಿ ವಾಪಸ್ಸು ಕೊಡಬಾರದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಒಂದು ಕಾಲಕ್ಕೆ ನನ್ನ ಬಟ್ಟಲು ಹೋಳಿಗೆ ಹೊತ್ತು ಬರುತ್ತಿತ್ತು, ಇಲ್ಲವೇ ಕೊಬ್ಬರಿ ಮಿಠಾಯಿ. ಆಮೇಲೆ ಒಂದು ಹಿಡಿ ಹುರಿಗಡಲೆ. ಆಮೇಲೆ ಬೆಲ್ಲದ ಅಚ್ಚಿನ ಒಂದು ಚೂರು. ಒಮ್ಮೆ ಒಂದು ಮೊಳ ಕನಕಾಂಬರ ಬಂತು, ಮುಡಿದುಕೊಂಡೆ. ಕೊನೆಯ ಸಲ ತಳ ಬರಿದಾಗಿ ಕಾಣದಿರಲಿ ಎನ್ನುವಷ್ಟು ಸಕ್ಕರೆ ಇತ್ತು. ಬೆಲೆಯೇರಿಕೆಯ ಬಗ್ಗೆ ಟಿ.ವಿ.ಯಲ್ಲಿ ಕೋಟು ಹಾಕಿದವರು ಏನೇನೋ ಗೆರೆ ಎಳೆದು ತೋರಿಸುತ್ತಾರೆ. ನನ್ನ ಬಟ್ಟಲು ಅದನ್ನೇ ತೋರಿಸುತ್ತಿತ್ತು, ನನಗೆ ಓದಲು ಬರಲಿಲ್ಲ. ನಾನು ಕಳಿಸುತ್ತಿದ್ದ ಸಾರೂ ಅಷ್ಟರಲ್ಲಿ ನೀರಾಗಿತ್ತು ಎನ್ನುವುದು ಬೇರೆ ಮಾತು.

ಆಮೇಲೆ ಬಟ್ಟಲು ಬರಲೇ ಇಲ್ಲ.

ಒಂದು ವಾರ ಸುಮ್ಮನಿದ್ದೆ. ಎರಡನೇ ವಾರ ಅನುಮಾನ ತಲೆಯೆತ್ತಿತು. ಮರೆತರೋ? ಮರೆಯುವ ಹೆಂಗಸಲ್ಲ. ಬಟ್ಟಲಿನ ಮೇಲೆ ಮನಸ್ಸಾಯಿತೋ? ಒಳ್ಳೆಯ ಗಟ್ಟಿ ಸ್ಟೀಲು, ಇವತ್ತಿನ ಬೆಲೆಯಲ್ಲಿ ಅಂಥದ್ದು ಸಿಗುವುದಿಲ್ಲ. ಹೆಸರು ಕೊರೆಸಿದ್ದನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಎಂದು ಯಜಮಾನರು ಕೇಳಿದರು. ಬಟ್ಟಲನ್ನು ಬೋರಲು ಇಟ್ಟರೂ ಹೆಸರು ಕಾಣುತ್ತದೆಯೇ ಎಂದು ನಮ್ಮ ಮನೆಯ ಇನ್ನೊಂದು ಬಟ್ಟಲನ್ನು ಬೋರಲು ಇಟ್ಟು ಪರೀಕ್ಷೆ ಮಾಡಿದೆ. ಕಾಂಪೌಂಡಿನ ಹತ್ತಿರ ಬಟ್ಟೆ ಒಣಹಾಕುವ ನೆಪದಲ್ಲಿ ಅವರ ಪಾತ್ರೆ ತೊಳೆಯುವ ಕಲ್ಲನ್ನು ನೋಡಿದೆ. ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಸಿ ಒಣಹಾಕಿದ್ದೂ ಉಂಟು. ಸಾರು ಕಳಿಸುವುದನ್ನು ನಿಲ್ಲಿಸಿದೆ. ಒಂದು ಬಟ್ಟಲು ಹೋಯಿತು, ಇನ್ನೊಂದನ್ನೂ ಕಳೆದುಕೊಳ್ಳಬೇಕೇ?

ಈ ನಡುವೆ ಪದ್ಮಕ್ಕನವರ ವ್ರತ ಹೆಚ್ಚಾಯಿತು. ಸಂಜೆ ಯಾವಾಗ ಮಾತಾಡಿಸಿದರೂ, "ಇವತ್ತು ಏಕಾಶನ ಕಣ್ರೀ" ಎನ್ನುತ್ತಿದ್ದರು. ದಿನಕ್ಕೆ ಒಂದೇ ಹೊತ್ತಿನ ಊಟ. ಅಷ್ಟಮಿ, ಚತುರ್ದಶಿಯಲ್ಲಿ ಅವರು ಹಾಗಿರುವುದು ನನಗೆ ಗೊತ್ತಿತ್ತು. ಆದರೆ ಮಿಷಿನ್ನಿನ ಎದುರಿಗೇ ತಿಥಿ ನಕ್ಷತ್ರದ ಕ್ಯಾಲೆಂಡರು ನೇತಾಡುತ್ತಿದೆ. ಇವತ್ತು ಪಂಚಮಿ. ನಾಳೆ ಷಷ್ಠಿ. ಷಷ್ಠಿಯ ದಿನವೂ ಏಕಾಶನ. ವಯಸ್ಸಾದ ಹಾಗೆ ಭಕ್ತಿ ಜಾಸ್ತಿಯಾಗುತ್ತದೆ ಎಂದುಕೊಂಡೆ. ಬಟ್ಟಲು ಇಟ್ಟುಕೊಂಡ ಪಾಪಕ್ಕೆ ಪ್ರಾಯಶ್ಚಿತ್ತವೋ ಎಂದೂ ಅಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಹೀಗಿರುವಾಗ ಒಂದು ದಿನ ಪದ್ಮಕ್ಕ ಒಂದು ಹಳೆಯ ಬ್ಲೌಸು ಹಿಡಿದು ಬಂದರು. ಮದುವೆಮನೆಗೆ ಹೋಗುವುದಿದೆ, ಸಡಿಲವಾಗಿದೆ, ಪಕ್ಕಕ್ಕೆ ಒಂದು ಹೊಲಿಗೆ ಹಾಕಿಕೊಡಿ ಎಂದರು. ನಾನು ಟೇಪು ಹಿಡಿದೆ. ಇನ್ನೊಂದು ಸಲ ಹಿಡಿದೆ. ಅವರ ಅಳತೆ ನನಗೆ ಬಾಯಿಪಾಠ, ನಾನೇ ಹೊಲಿದ ಬ್ಲೌಸು ಅದು. ಒಂದು ಹೊಲಿಗೆಗೆ ಮುಗಿಯುವ ಸಡಿಲವಲ್ಲ. ಟೇಪಿನ ಒಳಗೆ ಅವರ ಬೆನ್ನಿನ ಎಲುಬು ನನ್ನ ಬೆರಳಿಗೆ ಸಿಕ್ಕಿತು. ಅಷ್ಟಮಿ ಚತುರ್ದಶಿಗೆ ಇಷ್ಟು ಇಳಿಯುವುದಿಲ್ಲ. ನನ್ನ ಅನುಮಾನ ಬಟ್ಟಲನ್ನು ಬಿಟ್ಟು ಅವರ ಅಡುಗೆಮನೆಯ ಕಡೆಗೆ ತಿರುಗಿದ್ದು ಆಗ.

ಬ್ಲೌಸು ಕೊಡುವ ನೆಪದಲ್ಲಿ ಮಾರನೇ ದಿನ ಹೊತ್ತು ಮುಳುಗುವ ಮುಂಚೆ ಹೋದೆ. ಇಬ್ಬರು ಮಕ್ಕಳೂ ಅವರ ತಂದೆಯೂ ಉಣ್ಣುತ್ತಿದ್ದರು. ಪಾತ್ರೆಯಲ್ಲಿ ಉಳಿದದ್ದನ್ನು ಪದ್ಮಕ್ಕ ಚಿಕ್ಕವಳ ತಟ್ಟೆಗೆ ಬಳಿದು ಹಾಕಿದರು. ಅವರಿಗೆಂದು ತಟ್ಟೆಯನ್ನೇ ಇಟ್ಟಿರಲಿಲ್ಲ. ಗೂಡಿನಲ್ಲಿ ನನ್ನ ಬಟ್ಟಲು ಫಳಫಳ ಹೊಳೆಯುತ್ತಾ, ಹೆಸರು ಎದುರಿಗೆ ಕಾಣುವ ಹಾಗೆ ಕೂತಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ಬರಿ ಬಟ್ಲು ಹೆಂಗ್ ಕೊಡ್ಲಿ ಜಯಮ್ಮ? ನಾಳೆ ಏನಾದ್ರೂ ಹಾಕಿ ಕೊಡನ, ನಾಡಿದ್ದು ಕೊಡನ ಅಂತ ಇಟ್ಕಂಡಿದೀನಿ. ಹಿತ್ಲಲ್ಲಿ ಈ ಕರಿಬೇವು ಬಿಟ್ರೆ ಏನೈತೆ. ಅದು ನಿಮ್ಮನೇಲೂ ಐತೆ."

ಬಟ್ಟಲು ಹೋಯಿತೆಂದು ನಾನು ಸಾರು ನಿಲ್ಲಿಸಿದ್ದೆ. ಬಟ್ಟಲಿಗೆ ಹಾಕಲು ಏನೂ ಇಲ್ಲದೆ ಅವರು ಬಟ್ಟಲು ನಿಲ್ಲಿಸಿದ್ದರು. ಬೇಳೆ ಕಳಿಸುತ್ತೇನೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಒಂದು ಬಟ್ಟಲನ್ನೇ ತುಂಬಿಸಲಾರದೆ ಇಷ್ಟು ದಿನ ಕೊರಗಿದವರ ಮನೆಗೆ ಇನ್ನೊಂದು ತುಂಬಿದ ಬಟ್ಟಲು ಕಳಿಸುವುದೆಂದರೆ ಅದು ಉಪಕಾರವಲ್ಲ. ಹಾಗಾಗಿ ಬಾಯಿಗೆ ಬಂದ ಸುಳ್ಳು ಹೇಳಿದೆ. "ನಮ್ ಗಿಡಕ್ಕೆ ಹುಳ ಬಿದ್ದೈತೆ ಪದ್ಮಕ್ಕ. ಒಂದೆಲೆ ಉಳಿದಿಲ್ಲ. ಪೇಟೇಲಿ ಕೊಳ್ಳೋಕ್ ಹೋದ್ರೆ ನಾಕ್ ಕಡ್ಡಿಗೆ ಏನ್ ಕೇಳ್ತಾರೆ ಗೊತ್ತಾ? ನಿಮ್ಮದನ್ನೇ ಕೊಡಿ, ನಾನು ಅದನ್ನೇ ಕೇಳೋಕೆ ಬಂದಿದ್ದು."

ಅವರು ಬಟ್ಟಲು ತುಂಬಿ ಕೊಟ್ಟರು, ಅದುಮಿ ಅದುಮಿ ತುಂಬಿ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ನಮ್ಮ ಕರಿಬೇವಿನ ಗಿಡ ಕಾಂಪೌಂಡಿನ ಮೇಲೆ ತಲೆಯೆತ್ತಿ ನಳನಳಿಸುತ್ತಿತ್ತು. ಅದು ಅವರ ಗಿಡದ ಬುಡದಿಂದ ಕಿತ್ತು ತಂದ ಮರಿಯೇ. ಮನೆಗೆ ಬಂದವಳೇ ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಹೋಗಿ ಗಿಡವನ್ನು ಬೋಳು ಮಾಡಿದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ನನ್ನ ಮೇಲೆ ಅನುಮಾನ ಬಂದದ್ದನ್ನು ಕಂಡೆ. "ಏನೇ ಇದು?" ಎಂದರು. "ಗಿಡಕ್ಕೆ ಪಥ್ಯ" ಎಂದೆ.

ಮಾರನೇ ದಿನ ಬೇಳೆ ಸ್ವಲ್ಪ ಮುಂದಾಗಿ ಹಾಕಿ, ಕಾಯಿಯನ್ನೂ ತುರಿದು ಹಾಕಿ, ಸಾರು ಗಟ್ಟಿಯಾಗಿ ಮಾಡಿ ಅದೇ ಬಟ್ಟಲಲ್ಲಿ ಕೊಂಡುಹೋದೆ. ಕಾಂಪೌಂಡಿನ ಮೇಲಿಂದ ದಾಟಿಸಲಿಲ್ಲ. ಒಳಗೆ ಹೋಗಿ ಕೂತೆ. "ನಿಮ್ ಕರಿಬೇವು ಹಾಕಿ ಮಾಡಿದ್ದು, ರುಚಿ ಹೆಂಗೈತೆ ಹೇಳಿ, ಈಗಲೇ" ಎಂದೆ. "ಇವತ್ತು ಏಕಾಶನ" ಎಂದರು. "ಇವತ್ತು ದಶಮಿ" ಎಂದೆ. ಅವರು ತಟ್ಟೆ ಇಟ್ಟುಕೊಂಡರು. ಹೊತ್ತಿನ್ನೂ ಮುಳುಗಿರಲಿಲ್ಲ.

ಉಂಡು ಕೈತೊಳೆದು ಬಟ್ಟಲಿಗೆ ಮತ್ತೆ ಕರಿಬೇವು ತುಂಬುತ್ತಾ ಕಾಂಪೌಂಡಿನ ಕಡೆ ನೋಡಿ ಹೇಳಿದರು. "ಎಲ್ಲಾ ಕಡ್ಡಿನೂ ಒಂದೇ ಸಮಕ್ಕೆ ಕಟ್ ಆಗೈತೆ. ನಿಮ್ಮನೆ ಹುಳದ ಕೈಲಿ ಕತ್ರಿ ಐತೇನೋ ಜಯಮ್ಮ."

ಇಬ್ಬರೂ ನಕ್ಕೆವು ಎಂದು ಬರೆಯಬಹುದು, ಆದರೆ ನಿಜವಾಗಿ ಇಬ್ಬರೂ ಕಣ್ಣೊರೆಸಿಕೊಂಡೆವು.

ಒಂದು ಬಟ್ಟಲು ಸಾರಿನಿಂದ ಯಾರ ಸಂಸಾರವೂ ನಡೆಯುವುದಿಲ್ಲ. ಬೇಳೆಯ ಬೆಲೆ ಇಳಿದಿಲ್ಲ, ಬಿಸ್ಕತ್ತಿನ ಪೊಟ್ಟಣದ ಗಾಳಿಯೂ ಇಳಿದಿಲ್ಲ. ಆದರೆ ಬಟ್ಟಲು ಈಗ ಎರಡೂ ಕಡೆ ತುಂಬಿಯೇ ಓಡಾಡುತ್ತಿದೆ. ಕರಿಬೇವನ್ನು ಬೋಳಿಸಿದಷ್ಟೂ ಅದು ಇಮ್ಮಡಿ ಚಿಗುರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿದು ಹೋಗುತ್ತೇನೆ. ಪದ್ಮಕ್ಕ ಆಚೆಯಿಂದ ನೋಡಿ, ನೋಡದವರ ಹಾಗೆ ಒಳಗೆ ಹೋಗುತ್ತಾರೆ. ಅವರ ಏಕಾಶನ ಈಗ ಹೆಚ್ಚುಕಡಿಮೆ ಅಷ್ಟಮಿ ಚತುರ್ದಶಿಗೆ ಬಂದು ನಿಂತಿದೆ. ಕ್ಯಾಲೆಂಡರು ನೋಡಿ ತಾಳೆ ಹಾಕಿದ್ದೇನೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ?

ಅವರ ಬ್ಲೌಸಿಗೆ ಅವತ್ತು ಹೊಲಿಗೆ ಹಾಕುವಾಗ ಒಳಗಿನ ಬಟ್ಟೆಯನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದೆ. ಕಳೆದ ವಾರ ಅದನ್ನೇ ಹಿಡಿದು ಬಂದರು. "ಕಂಕುಳ ಹತ್ರ ಸ್ವಲ್ಪ ಬಿಗಿ ಆಗೈತೆ ಕಣ್ರೀ, ಒಂದು ಹೊಲಿಗೆ ಬಿಚ್ಚಿಕೊಡಿ" ಎಂದರು. ನಿಜವಾಗಿಯೂ ಬಿಗಿಯಾಗಿದೆಯೋ, ನನಗೆ ಸಂತೋಷವಾಗಲಿ ಎಂದು ಹೇಳಿದರೋ ಎಂದು ಒಂದು ಅನುಮಾನ ಬಂತು. ಟೇಪು ಕೊರಳಲ್ಲೇ ಇತ್ತು. ಹಿಡಿದು ನೋಡಲಿಲ್ಲ. ಹೊಲಿಗೆ ಬಿಚ್ಚಿಕೊಟ್ಟೆ.